ಉಕ್ರೇನ್ ಯುದ್ಧದ ನಕ್ಷೆ ಓದುವುದು ಹೇಗೆ?

ಮೊಬೈಲ್‌ನಲ್ಲಿ ನಕ್ಷೆ ತೆರೆದರೆ ರಷ್ಯಾ ಹಿಡಿತ ತೋರಿಸುವ ಕೆಂಪು ಬಣ್ಣ ನಿನ್ನೆಗಿಂತ ತುಸು ಮುಂದೆ ಬಂದಿರುತ್ತದೆ. ಹಾಗಾದರೆ ರಷ್ಯಾ ಗೆಲ್ಲುತ್ತಿದೆಯಾ? ಅಷ್ಟು ಬೇಗ ತೀರ್ಮಾನ ಬೇಡ.

ಮೊದಲು ಬಣ್ಣ ಬಿಟ್ಟು ರಸ್ತೆ, ರೈಲು ಹಳಿ, ಸೇತುವೆ ಹುಡುಕಿ. 2022ರ ಸೆಪ್ಟೆಂಬರ್‌ನಲ್ಲಿ ಉಕ್ರೇನ್ ಪಡೆ ಕುಪ್ಯಾನ್ಸ್ಕ್ ತಲುಪಿತು. ಅದು ರೈಲು ಜಂಕ್ಷನ್. ಇಜಿಯಮ್‌ನಲ್ಲಿದ್ದ ರಷ್ಯಾ ಸೈನಿಕರಿಗೆ ಸಾಮಾನು ಹೋಗುತ್ತಿದ್ದದ್ದು ಆ ದಾರಿಯಲ್ಲೇ. ಜಂಕ್ಷನ್ ಕೈತಪ್ಪಿದ್ದೇ ತಡ, ಇಜಿಯಮ್ಮೂ ಖಾಲಿಯಾಯಿತು. ಖೆರ್ಸಾನ್‌ನದ್ದೂ ಇದೇ ಕಥೆ. ನೀಪರ್ ನದಿಯ ಸೇತುವೆಗಳ ಮೇಲೆ ತಿಂಗಳುಗಟ್ಟಲೆ ರಾಕೆಟ್ ಬಿದ್ದವು. ನವೆಂಬರ್ 11ಕ್ಕೆ ಉಕ್ರೇನ್ ಸೈನಿಕರು ಊರೊಳಗೆ ಬಂದರು.

ಆಮೇಲೆ, ಒಂದು ಊರು ಉಳಿಸಿಕೊಳ್ಳಲು ಎಷ್ಟು ತೆರಬೇಕು ಎಂದು ಕೇಳಿಕೊಳ್ಳಿ. ಬಖ್ಮುತ್‌ಗಾಗಿ 2023ರ ಮೇವರೆಗೂ ಕಾದಾಡಿದರು. ಅಷ್ಟು ಜೀವ ಹೋಗುವಷ್ಟು ಆ ಊರು ಮುಖ್ಯವಾಗಿತ್ತಾ ಎಂಬ ಜಗಳ ಇನ್ನೂ ಮುಗಿದಿಲ್ಲ. 2024ರ ಫೆಬ್ರವರಿಯಲ್ಲಿ ಅವ್ದಿವ್ಕಾದಲ್ಲಿ ಉಕ್ರೇನ್ ಸೇನಾ ಮುಖ್ಯಸ್ಥ ಸಿರ್ಸ್ಕಿ ಹಿಂದೆ ಸರಿಯಲು ಹೇಳಿದರು. ಊರು ಹೋದರೂ ಸೈನಿಕರು ಉಳಿಯಲಿ ಎಂಬ ಲೆಕ್ಕ ಅದು. ತಡವಾಯಿತು ಅನ್ನುವವರೂ ಇದ್ದಾರೆ, ನನಗೂ ಹಾಗೇ ಅನಿಸುತ್ತದೆ.

ಕಷ್ಟದ ಹೆಜ್ಜೆ ಎಂದರೆ ಸೈನಿಕರ ಮನೋಬಲ ಅಳೆಯುವುದು. ಬಾವುಟ ಹಾರಿಸುವ ವಿಡಿಯೊ ನೋಡಿ ಮರುಳಾಗಬೇಡಿ. ಅಳುವ ವಿಡಿಯೊವನ್ನೂ ಸುಮ್ನೆ ನಂಬಬೇಡಿ, ಯಾರು ಹಾಕಿದ್ದು ಅಂತ ನೋಡಿ. ಹುಡುಕಬೇಕಾದ್ದು ರಜೆಯ ಸುದ್ದಿ, ಪಾಳಿಯ ಸುದ್ದಿ. ನನ್ನ ಜಾಗಕ್ಕೆ ಯಾರು ಬರುತ್ತಾರೆ, ಯಾವಾಗ? ಕಂದಕದಲ್ಲಿ ಕೂತವನು ದಿನವೂ ಕೇಳುವುದು ಇದನ್ನೇ ಅಲ್ವಾ? ಉಕ್ರೇನ್‌ನ ಸೇನಾ ಭರ್ತಿ ಕಾನೂನಿನ ಕರಡಿನಲ್ಲಿ 36 ತಿಂಗಳು ದುಡಿದವರಿಗೆ ಬಿಡುಗಡೆ ಎಂದಿತ್ತು. 2024ರ ಏಪ್ರಿಲ್‌ನಲ್ಲಿ ಕಾನೂನು ಪಾಸಾಗುವ ಹೊತ್ತಿಗೆ ಆ ಸಾಲನ್ನೇ ತೆಗೆದುಬಿಟ್ಟರು. ಮೊದಲ ದಿನದಿಂದ ಅಲ್ಲೇ ಇದ್ದವರಿಗೆ ಹೇಗಾಗಿರಬೇಡ! ರಷ್ಯಾ 2022ರಲ್ಲಿ 3 ಲಕ್ಷ ಜನರನ್ನು ಸೇನೆಗೆ ಕರೆಸಿಕೊಂಡಾಗಲೂ ವಾಪಸ್ ಕಳಿಸುವ ದಿನ ಹೇಳಲಿಲ್ಲ. ಮುಂದಿನ ವರ್ಷ ಅವರ ಹೆಂಡತಿಯರು ಮಾಸ್ಕೊದಲ್ಲಿ ಬೀದಿಗಿಳಿದರು.

ಡ್ರೋನ್ ಬಂದ ಮೇಲೆ ಪಾಳಿ ಬದಲಿಸುವುದೇ ಜೀವಕ್ಕೆ ಅಪಾಯ. ವಾಹನ ಹತ್ತಿರ ಸುಳಿಯುವಂತಿಲ್ಲ, ಕೊನೆಯ ಕೆಲವು ಕಿಲೋಮೀಟರ್ ನಡೆದೇ ಹೋಗಬೇಕು. ಹಾಗಾಗಿ ಇಬ್ಬರೋ ಮೂವರೋ ವಾರಗಟ್ಟಲೆ ಒಂದೇ ಗುಂಡಿಯಲ್ಲಿ ಉಳಿಯುತ್ತಾರೆ. ಎಷ್ಟೋ ಸಲ ನೀರು, ಬ್ಯಾಟರಿ ಕೂಡ ಡ್ರೋನ್‌ನಲ್ಲೇ ಬರುತ್ತದೆ.

ಈಗ ಮತ್ತೆ ನಕ್ಷೆ ತೆರೆಯಿರಿ. ಕೆಲವು ನಕ್ಷೆಗಳಲ್ಲಿ ಎರಡು ಬಣ್ಣಗಳ ನಡುವೆ, ಯಾರ ಹಿಡಿತವೂ ಖಚಿತವಿಲ್ಲದ ಬೂದು ಪಟ್ಟಿಯೊಂದು ಇರುತ್ತದೆ. ಆ ಗುಂಡಿಗಳು ಇರುವುದು ಅದರ ಆಸುಪಾಸಿನಲ್ಲೇ.