ಸಾಫ್ಟ್‌ಬಾಲ್ ಆಡುವ ಹುಡುಗಿಗೆ ಕಾಲೇಜು ಆರಿಸುವಾಗ: ಮೊದಲು ವಿಶ್ವವಿದ್ಯಾಲಯ, ಆಮೇಲೆ ಕಾಲೇಜು

ಪಿಯುಸಿ ರಿಸಲ್ಟ್ ಬಂದ ಕೂಡಲೇ "ಯಾವ ಕಾಲೇಜಲ್ಲಿ ಸ್ಪೋರ್ಟ್ಸ್ ಚೆನ್ನಾಗಿದೆ?" ಅಂತ ವಿಚಾರಿಸುವುದು ವಾಡಿಕೆ. ಸಿಗುವ ಉತ್ತರ ಹೆಚ್ಚಾಗಿ ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ನೋಡಿ ಹೇಳಿದ್ದು. ಬೇಸ್‌ಬಾಲ್ ಮಾದರಿಯ ಆಟವಾದ ಸಾಫ್ಟ್‌ಬಾಲ್ ಲೆಕ್ಕವೇ ಬೇರೆ. ಕಪಾಟಿನ ತುಂಬ ಕಪ್ ಇಟ್ಟಿರುವ ಕಾಲೇಜಿನಲ್ಲೂ ಒಂದು ಕ್ಯಾಚರ್ ಗ್ಲೌಸ್ ಇಲ್ಲದೇ ಇರಬಹುದು.

ಡಿಗ್ರಿ ಹಂತದಲ್ಲಿ ಮುಂದೆ ಕೆಲಸಕ್ಕೆ ಬರುವ ಆಟ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಅಲ್ಲಿ ಆಡುವುದು ಕಾಲೇಜಿನ ಹೆಸರಲ್ಲಲ್ಲ, ವಿಶ್ವವಿದ್ಯಾಲಯದ ಹೆಸರಲ್ಲಿ. ಹಾಗಾಗಿ ಕಾಲೇಜಿನ ಗೇಟು ನೋಡುವ ಮೊದಲು ಅದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಅಂತ ನೋಡಿ. ತುಮಕೂರು ಜಿಲ್ಲೆಯ ಬಿಎ, ಬಿಕಾಂ, ಬಿಎಸ್ಸಿ ಕಾಲೇಜುಗಳು ಸಾಮಾನ್ಯವಾಗಿ ತುಮಕೂರು ವಿಶ್ವವಿದ್ಯಾಲಯದವು. ಕೋಲಾರ, ಚಿಕ್ಕಬಳ್ಳಾಪುರದವು ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಬರುತ್ತವೆ. ಬೆಂಗಳೂರಿನ ಒಂದು ಭಾಗದ ಕಾಲೇಜುಗಳೂ ಇದರ ವ್ಯಾಪ್ತಿಯಲ್ಲೇ ಇರುವುದರಿಂದ ಇಲ್ಲಿನ ತಂಡ ಆರಿಸುವ ಟ್ರಯಲ್ಸ್‌ನಲ್ಲಿ ಬೆಂಗಳೂರಿನ ಹುಡುಗಿಯರ ಜೊತೆಗೂ ಪೈಪೋಟಿ. ಇಂಜಿನಿಯರಿಂಗ್ ಸೇರಿದರೆ ಬಹುಪಾಲು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಇಡೀ ರಾಜ್ಯದ ವಿಟಿಯು ಕಾಲೇಜುಗಳಿಂದ ಒಂದೇ ತಂಡ ಆರಿಸುತ್ತಾರೆ. ಟಮಕದಲ್ಲೇ ಇರುವ ತೋಟಗಾರಿಕೆ ಕಾಲೇಜು ಸೇರಿದವಳು ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಒಂದೇ ಊರು, ದಾರಿ ಮಾತ್ರ ಪೂರ್ತಿ ಬೇರೆ.

ಎರಡು ಕಡೆ ಎಡವುವವರು ಹೆಚ್ಚು. ಪಾಲಿಟೆಕ್ನಿಕ್ ಡಿಪ್ಲೊಮಾಗೆ ಸೇರಿದರೆ ಆ ವರ್ಷಗಳಲ್ಲಿ ಅಂತರ ವಿಶ್ವವಿದ್ಯಾಲಯ ಆಟ ಇಲ್ಲ. ದೂರ ಶಿಕ್ಷಣದಲ್ಲಿ ಡಿಗ್ರಿ ಕಟ್ಟಿದರೂ ಇಲ್ಲ, ರೆಗ್ಯುಲರ್ ವಿದ್ಯಾರ್ಥಿನಿಯೇ ಆಗಿರಬೇಕು. ವಯಸ್ಸು 17 ತುಂಬಿರಬೇಕು, 25 ಮೀರಿರಬಾರದು. ಪಿಯುಸಿ ಆದ ಮೇಲೆ ಮನೆಯಲ್ಲಿ ಒಂದೆರಡು ವರ್ಷ ಕೂತವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಇನ್ನು ಕಾಲೇಜು. ಪಿಡಿ (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಅಥವಾ ಪಿಡಿ ಮೇಡಂ ಅವರನ್ನು ಅಡ್ಮಿಷನ್ನಿಗೆ ಮುಂಚೆಯೇ ಭೇಟಿ ಮಾಡಿ. "ಸಾಫ್ಟ್‌ಬಾಲ್ ಟೀಮ್ ಇದೆಯಾ ಸರ್?" ಅಂತ ಕೇಳಿದರೆ "ಇದೆಯಮ್ಮಾ" ಅಂತಲೇ ಉತ್ತರ ಬರುತ್ತದೆ. ಅದರ ಬದಲು ಹೀಗೆ ಕೇಳಿ: "ಕಳೆದ ವರ್ಷ ಅಂತರ ಕಾಲೇಜು ಪಂದ್ಯಾವಳಿಗೆ ನಮ್ಮ ಟೀಮ್ ಹೋಗಿತ್ತಾ ಸರ್? ಎಷ್ಟು ಕಾಲೇಜು ಬಂದಿದ್ದವು? ಯೂನಿವರ್ಸಿಟಿ ಟೀಮ್‌ಗೆ ಇಲ್ಲಿಂದ ಯಾರು ಸೆಲೆಕ್ಟ್ ಆದರು, ಅವರು ಈಗ ಯಾವ ವರ್ಷದಲ್ಲಿದ್ದಾರೆ?" ಸೆಲೆಕ್ಟ್ ಆದ ಹುಡುಗಿ ಕಾಲೇಜಿನಲ್ಲೇ ಇದ್ದರೆ ಅವಳ ಜೊತೆ ಹತ್ತು ನಿಮಿಷ ಮಾತಾಡಿ. ಕ್ಯಾಂಪ್ ಎಷ್ಟು ದಿನ ನಡೆಯಿತು, ಟಿಎ ಡಿಎ ಕೈಗೆ ಬಂತಾ, ಹೊರರಾಜ್ಯಕ್ಕೆ ಹೋದಾಗ ಜೊತೆಗೆ ಲೇಡಿ ಮ್ಯಾನೇಜರ್ ಇದ್ದರಾ ಅನ್ನುವುದೆಲ್ಲ ಅವಳಿಗೆ ಗೊತ್ತಿರುತ್ತದೆ. ಕೊನೆಯ ಪ್ರಶ್ನೆಯನ್ನು ಅಪ್ಪ ಅಮ್ಮ ಪಿಡಿ ಹತ್ತಿರವೂ ನೇರವಾಗಿ ಕೇಳಬೇಕು. ಅದಕ್ಕೆ ಸಂಕೋಚ ಬೇಡ.

ಟೀಮೇ ಇಲ್ಲದ ಕಾಲೇಜಾದರೆ? ಮೈದಾನಕ್ಕಿಳಿಯಲು ಒಂಬತ್ತು ಜನ ಬೇಕು, ಒಬ್ಬಳ ಕಾಲು ಉಳುಕಿದರೂ ಆಟ ನಿಲ್ಲದಿರಲು ಹನ್ನೆರಡಾದರೂ ಬೇಕು. ಹೈಸ್ಕೂಲಿಂದಲೋ ಪಿಯುಸಿಯಿಂದಲೋ ಜೊತೆಗೆ ಆಡಿದ ನಾಲ್ಕೈದು ಹುಡುಗಿಯರು ಮಾತಾಡಿಕೊಂಡು ಒಂದೇ ಕಾಲೇಜಿಗೆ ಸೇರುವುದು ಇದಕ್ಕೆ ಇರುವ ಅತ್ಯುತ್ತಮ ಉಪಾಯ. ಪಿಚರ್ (ಬ್ಯಾಟರ್‌ಗೆ ಬಾಲು ಎಸೆಯುವವಳು), ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವಳು), ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವವಳು), ಫಸ್ಟ್ ಬೇಸ್ ಕಾಯುವವಳು, ಈ ನಾಲ್ವರು ಕೂಡಿದರೆ ಉಳಿದ ಜಾಗಗಳಿಗೆ ಖೋ ಖೋ, ಥ್ರೋಬಾಲ್ ಆಡುವವರನ್ನು ಒಂದು ಸೆಮಿಸ್ಟರಿನಲ್ಲಿ ತಯಾರು ಮಾಡಬಹುದು. ಅಷ್ಟು ಜನ ಆಗದಿದ್ದರೆ, ತಂಡ ಇಲ್ಲದ ಕಾಲೇಜಿನ ಆಟಗಾರ್ತಿಯನ್ನು ಟ್ರಯಲ್ಸ್‌ಗೆ ಒಬ್ಬಳಾಗಿ ಬಿಡುತ್ತಾರಾ ಅಂತ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದಲ್ಲಿ ಕೇಳಿ ಖಚಿತ ಮಾಡಿಕೊಂಡೇ ಫೀಸು ಕಟ್ಟಿ.

ನಿಮ್ಮ ಪೊಸಿಷನ್ನೂ ಲೆಕ್ಕಕ್ಕೆ ಬರುತ್ತದೆ. ನೀವು ಪಿಚರ್ ಆಗಿದ್ದು, ಅಲ್ಲಿ ಎರಡನೇ ವರ್ಷದಲ್ಲಿ ಇಬ್ಬರು ಒಳ್ಳೆ ಪಿಚರ್ ಇದ್ದರೆ ಎರಡು ವರ್ಷ ಬೆಂಚೇ ಗತಿ. ಅವರಿಬ್ಬರೂ ಫೈನಲ್ ಇಯರ್ ಆಗಿದ್ದರೆ ಆ ಕಾಲೇಜು ನಿಮಗೆ ಹೇಳಿ ಮಾಡಿಸಿದ ಹಾಗೆ: ಒಂದು ವರ್ಷ ಕಲಿತು, ಎರಡು ವರ್ಷ ಆಡಬಹುದು. ಔಟ್‌ಫೀಲ್ಡ್ ಆಡುವವರಿಗೆ ಈ ತೊಂದರೆ ಕಡಿಮೆ.

ಗ್ರೌಂಡನ್ನು ಸಂಜೆ ನಾಲ್ಕೂವರೆ ಮೇಲೆ ಹೋಗಿ ನೋಡಿ. ಬೆಳಿಗ್ಗೆ ಖಾಲಿ ಇರುವ ಮೈದಾನ ಸಂಜೆ ಕ್ರಿಕೆಟ್ಟಿನವರ ಪಾಲಾಗಿರುತ್ತದೆ. ಬೇಸಿನಿಂದ ಬೇಸಿಗೆ 60 ಅಡಿ, ಅಂದರೆ ಸಾಧಾರಣ ನಡಿಗೆಯ 24 ಹೆಜ್ಜೆ. ಬ್ಯಾಟ್ ಮಾಡುವ ಜಾಗವಾದ ಹೋಮ್‌ನಿಂದ ಎದುರು ಮೂಲೆಯ ಸೆಕೆಂಡ್ ಬೇಸಿಗೆ 84 ಅಡಿ 10 ಇಂಚು. ಈ ಚೌಕದೊಳಗೆ ಕ್ರಿಕೆಟ್ಟಿನ ಸಿಮೆಂಟ್ ಪಿಚ್ ಬರುತ್ತದಾ ನೋಡಿ. ಬಂದರೆ ಅಲ್ಲಿ ಸ್ಲೈಡ್ ಮಾಡುವ ಹಾಗಿಲ್ಲ, ಗ್ರೌಂಡ್ ಬಾಲ್ ಯಾವ ಕಡೆ ಹಾರುತ್ತದೋ ಹೇಳುವ ಹಾಗೂ ಇಲ್ಲ. ನಮ್ಮ ಕಡೆಯ ಕೆಮ್ಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತದೆ. ನೀರು ಹಾಕಿ, ರೋಲರ್ ಎಳೆದು, ಗರಸು ಆರಿಸದಿದ್ದರೆ ಶಾರ್ಟ್‌ಸ್ಟಾಪ್ ಆಡುವವಳ ಮುಖಕ್ಕೇ ಬಾಲು ಎಗರುತ್ತದೆ.

ಪಿಚರ್‌ಗಳಿಗೆ ಒಂದು ಅನುಕೂಲ ಉಂಟು. ಮಹಿಳೆಯರ ಪಿಚಿಂಗ್ ದೂರ 43 ಅಡಿ, ಬ್ಯಾಡ್ಮಿಂಟನ್ ಕೋರ್ಟಿನ ಉದ್ದ 44 ಅಡಿ. ಹೋಮ್ ಪ್ಲೇಟಿನ ಹಿಂದಿನ ಮೂಲೆಯನ್ನು ಒಂದು ತುದಿಯ ಗೆರೆಗೆ ತಾಗಿಸಿ ಇಟ್ಟು, ಇನ್ನೊಂದು ತುದಿಯ ಗೆರೆಯಿಂದ ಒಂದಡಿ ಒಳಗೆ ನಿಂತರೆ ಅಳತೆ ಸರಿಯಾಯಿತು. ಕ್ಯಾಚರ್ ಕೂರಲು ಗೆರೆಯ ಹಿಂದೆ ಆರೇಳು ಅಡಿ ಜಾಗ ಬೇಕು, ನೆಟ್ಟು ಬಿಚ್ಚಲು ಅನುಮತಿ ಬೇಕು. ಇಂಥ ಹಾಲ್ ಇರುವ ಕಾಲೇಜಿನಲ್ಲಿ ಮಳೆ ಬಂದರೂ ಪ್ರಾಕ್ಟೀಸ್ ನಿಲ್ಲದು.

ಆಮೇಲೆ ಸ್ಪೋರ್ಟ್ಸ್ ರೂಮಿನ ಬೀಗ ತೆಗೆಸಿ ನೋಡಿ. ಗ್ಲೌಸಿನ ಪಾಕೆಟ್ ಒಳಗೆ ಮುಷ್ಟಿಯಿಂದ ಗುದ್ದಿ: ಚರ್ಮ ಮೆತ್ತಗೆ ತಗ್ಗಿದರೆ ಬಳಕೆಯಲ್ಲಿದೆ, ಹಪ್ಪಳದ ಹಾಗೆ ಸೆಟೆದು ಲಾಡಿ ಪುಡಿಯಾದರೆ ವರ್ಷದಿಂದ ಯಾರೂ ಮುಟ್ಟಿಲ್ಲ. ಎಡಗೈಯಲ್ಲಿ ಎಸೆಯುವವರು ಬಲಗೈಗೆ ಹಾಕುವ ಗ್ಲೌಸ್ ಇದೆಯಾ ನೋಡಬೇಕು. ಹೆಚ್ಚಿನ ಕಡೆ ಇರುವುದಿಲ್ಲ. ಬಾಲಿಗೆ ಟೈಲರ್ ಟೇಪು ಸುತ್ತಿದರೆ 12 ಇಂಚು ಬರಬೇಕು, ತೂಕ 178ರಿಂದ 198 ಗ್ರಾಂ ಒಳಗಿರಬೇಕು. ಮಳೆಯಲ್ಲಿ ನೆನೆದು ಊದಿದ ಬಾಲು ಭಾರ. ಅದರಲ್ಲೇ ದಿನಾ ಪಿಚ್ ಮಾಡಿದರೆ ಭುಜ ನೋವು ಶುರುವಾಗುತ್ತದೆ. ಕ್ಯಾಚರ್ ಸೆಟ್ಟಿನಲ್ಲಿ ಮುಖದ ಜಾಲರಿಯ ಬೆಸುಗೆ, ಎದೆ ಕವಚದ ಪಟ್ಟಿ, ಲೆಗ್ ಗಾರ್ಡಿನ ಕೊಕ್ಕೆ ಎಳೆದು ನೋಡಿ. ಫಸ್ಟ್ ಬೇಸ್ ಬಿಳಿ, ಕಿತ್ತಳೆ ಎರಡು ಬಣ್ಣದ ಜೋಡಿ ಬೇಸ್ ಆಗಿದ್ದರೆ ಒಳ್ಳೆಯದು. ಓಡಿ ಬರುವವಳು ಕಿತ್ತಳೆ ಮೆಟ್ಟುತ್ತಾಳೆ, ಬಾಲು ಹಿಡಿಯುವವಳು ಬಿಳಿ. ಒಂದೇ ಬೇಸ್ ಇದ್ದ ಕಡೆ ಇಬ್ಬರ ಕಾಲೂ ಒಂದೇ ಜಾಗಕ್ಕೆ ಬಿದ್ದು ಡಿಕ್ಕಿಯಾಗುತ್ತದೆ.

ಹಾಜರಾತಿ ವಿಷಯ ಮೊದಲೇ ಬಗೆಹರಿಸಿಕೊಳ್ಳಿ. 75 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ತೊಂದರೆ. ಕ್ಯಾಂಪು, ಪ್ರಯಾಣ, ಪಂದ್ಯ ಸೇರಿದರೆ ವಾರಗಟ್ಟಲೆ ಕ್ಲಾಸು ತಪ್ಪುತ್ತದೆ. ಆ ದಿನಗಳಿಗೆ ಓಓಡಿ (ಕಾಲೇಜಿನ ಕೆಲಸದ ಮೇಲೆ ಹೊರಗಿದ್ದರು ಅನ್ನುವ) ಹಾಜರಾತಿ ಕೊಡುತ್ತಾರಾ, ಲ್ಯಾಬ್ ಮತ್ತು ಇಂಟರ್ನಲ್ಸ್ ಮತ್ತೆ ಮಾಡಿಸುತ್ತಾರಾ ಅಂತ ಪ್ರಿನ್ಸಿಪಾಲರನ್ನು ಕೇಳಿ. ಬಿಎಸ್ಸಿ ಸೇರುವವರಿಗೆ ಇದು ಬಿಎದವರಿಗಿಂತ ದೊಡ್ಡ ಪ್ರಶ್ನೆ. ಫೀಸಿನಲ್ಲಿ ರಿಯಾಯಿತಿ ಅಂದರೆ ಅದು ಒಂದು ವರ್ಷಕ್ಕೋ ಪೂರ್ತಿ ಕೋರ್ಸಿಗೋ ಅಂತ ಬರವಣಿಗೆಯಲ್ಲಿ ಪಡೆಯಿರಿ.

ಪ್ರಾಕ್ಟೀಸ್ ಮುಗಿಯುವುದು ಸಂಜೆ ಆರಕ್ಕೆ. ಗುಡಿಬಂಡೆಗೋ ಶ್ರೀನಿವಾಸಪುರಕ್ಕೋ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಸ್ಟ್ಯಾಂಡಿನಲ್ಲೇ ವಿಚಾರಿಸಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಮಾತ್ರ. ಖಾಸಗಿ ಬಸ್ಸಿಗೆ ದುಡ್ಡು ಕೊಡಬೇಕು. ಪಾವಗಡದವರು ತುಮಕೂರಿಗೆ ದಿನಾ ಓಡಾಡಿಕೊಂಡು ಆಡುವುದು ಆಗದ ಮಾತು, ಹಾಸ್ಟೆಲ್ಲೇ ಬೇಕು. ಬಿಸಿಎಂ (ಹಿಂದುಳಿದ ವರ್ಗಗಳ) ಅಥವಾ ಸಮಾಜ ಕಲ್ಯಾಣ ಹಾಸ್ಟೆಲ್ ಆದರೆ ಗೇಟು ಮುಚ್ಚುವ ಸಮಯ, ತಡವಾಗಿ ಬಂದವರಿಗೆ ಊಟ ಎತ್ತಿಡುತ್ತಾರಾ ಅನ್ನುವುದನ್ನು ವಾರ್ಡನ್ ಹತ್ತಿರ ಕೇಳಿಕೊಳ್ಳಿ.

ಸೇರಿದ ದಿನದಿಂದಲೇ ಒಂದು ಫೈಲು ಮಾಡಿ: ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ಫೀಸ್ ರಸೀದಿ, ಐಡಿ ಕಾರ್ಡ್, ಆರು ಫೋಟೊ. ಎಲಿಜಿಬಿಲಿಟಿ ಫಾರಂ ತುಂಬಲು ಇವೆಲ್ಲ ಬೇಕು, ಹೆಸರಿನ ಇನಿಷಿಯಲ್ ಎಲ್ಲದರಲ್ಲೂ ಎಸ್ಸೆಸ್ಸೆಲ್ಸಿ ಕಾರ್ಡಿನಂತೆಯೇ ಇರಬೇಕು. ವಿಶ್ವವಿದ್ಯಾಲಯಕ್ಕೆ ಆಡಿದ ಮೇಲೆ ಕೇಂದ್ರ ಸರ್ಕಾರಿ ಕೆಲಸದ ಕ್ರೀಡಾ ಕೋಟಾಕ್ಕೆ ಬೇಕಾಗುವುದು ಫಾರಂ 3 ಅನ್ನುವ ಪ್ರಮಾಣಪತ್ರ. ಅದಕ್ಕೆ ಪ್ರಿನ್ಸಿಪಾಲರ ಸಹಿ ಸಾಲದು, ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರೇ ಹಾಕಬೇಕು. ಪಂದ್ಯಾವಳಿ ಮುಗಿಸಿ ಬಂದ ತಿಂಗಳಲ್ಲೇ ಹೋಗಿ ಮಾಡಿಸಿಕೊಳ್ಳಿ. ಡಿಗ್ರಿ ಮುಗಿಸಿ ವರ್ಷಗಳಾದ ಮೇಲೆ ಹೋದರೆ ಹಳೆಯ ಟೀಮ್ ಲಿಸ್ಟ್ ಹುಡುಕಿಸುವುದೇ ದೊಡ್ಡ ಕೆಲಸವಾಗುತ್ತದೆ.