ಒಣ ಈಸ್ಟನ್ನು ಎಬ್ಬಿಸುವ ಅರ್ಧ ಗಂಟೆ

ವಿಜಯಪುರ ಜಿಲ್ಲೆಯ ಪರವಾನಗಿ ಪಡೆದ ಸಣ್ಣ ವೈನರಿಯೊಂದರಲ್ಲಿ ದ್ರಾಕ್ಷಿ ರಸವನ್ನು ಹುದುಗಿಸುವ ಹೊಣೆ ನನ್ನದು. ಜನವರಿಯಿಂದ ಮಾರ್ಚ್‌ವರೆಗಿನ ಸುಗ್ಗಿಯಲ್ಲಿ ಹಣ್ಣು ಕೊಯ್ಯುವುದು, ಹಿಂಡುವುದು, ರಸವನ್ನು ತಿಳಿಗೊಳಿಸುವುದು ಎಲ್ಲವೂ ಹತ್ತಾರು ಕೈಗಳ ದುಡಿಮೆ. ಒಣ ಈಸ್ಟನ್ನು ನೆನೆಸಿ ರಸಕ್ಕೆ ಕೂಡಿಸುವ ಅರ್ಧ ಗಂಟೆ ಮಾತ್ರ ಒಬ್ಬನ ಕೆಲಸ. ಅಷ್ಟೂ ಜನರ ದುಡಿಮೆ ಆ ಅರ್ಧ ಗಂಟೆಯ ಮೇಲೆ ನಿಂತಿರುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ಒಂದು ಟ್ಯಾಂಕ್ ಕೆಟ್ಟ ಮೇಲೆ.

ಅದು ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ತಳಿಯ ದ್ರಾಕ್ಷಿಯ 1000 ಲೀಟರ್ ರಸ. ಶುದ್ಧವಾದಷ್ಟೂ ಒಳ್ಳೆಯದೆಂದು ನಂಬಿ ಆರ್‌ಒ ಯಂತ್ರದ ನೀರನ್ನು ಕಾಯಿಸಿ ಈಸ್ಟ್ ನೆನೆಸಿದ್ದೆ. ಇನ್ನೂ ಬೆಚ್ಚಗಿದ್ದ ಆ ಗಂಜಿಯನ್ನು 14 ಡಿಗ್ರಿಗೆ ತಣಿಸಿಟ್ಟಿದ್ದ ರಸಕ್ಕೆ ನೇರವಾಗಿ ಸುರಿದಿದ್ದೆ. ನಾಲ್ಕು ದಿನವಾದರೂ ಟ್ಯಾಂಕಿನಲ್ಲಿ ಗುಳ್ಳೆ ಏಳಲಿಲ್ಲ. ಆಮೇಲೆ ಹುದುಗತೊಡಗಿತಾದರೂ ಕೊಳೆತ ಮೊಟ್ಟೆಯ ವಾಸನೆ ಅಂಟಿಕೊಂಡೇ ಬಂತು.

ಒಣಗಿದ ಈಸ್ಟ್ ಕೋಶದ ಪೊರೆ ಬಿರುಸಾಗಿ ಸುಕ್ಕುಗಟ್ಟಿರುತ್ತದೆ. ಬೆಚ್ಚಗಿನ ನೀರು ತಾಗಿದಾಗ ಅದು ಮೆದುವಾಗಿ ಮತ್ತೆ ತನ್ನ ಕೆಲಸಕ್ಕೆ ಬರುತ್ತದೆ. ತಣ್ಣೀರು ತಾಗಿದರೆ ಪೊರೆ ಸರಿಯಾಗುವ ಮೊದಲೇ ಕೋಶದೊಳಗಿನ ಸಾರ ಹೊರಗೆ ಸೋರಿಹೋಗುತ್ತದೆ. ಆರ್‌ಒ ನೀರಿನಂತೆ ಖನಿಜಗಳನ್ನು ಬಹುಪಾಲು ತೆಗೆದ ನೀರಿನಲ್ಲಿಯೂ ಕೋಶಗಳಿಗೆ ಇಂಥದೇ ಪೆಟ್ಟು ಬೀಳುತ್ತದೆ. ಆದ್ದರಿಂದ ಈಗ ಕುಡಿಯಲು ಯೋಗ್ಯವಾದ ಕೊಳವೆಬಾವಿಯ ನೀರನ್ನೇ ಬಳಸುತ್ತೇನೆ. ಊರೆಲ್ಲ ಗಡಸು ಎಂದು ದೂರುವ ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲಿ ಉಪಕಾರಕ್ಕೇ ಬರುತ್ತವೆ. ನಳದ ನೀರಾದರೆ ಕ್ಲೋರಿನ್ ಹೋಗುವಂತೆ ಕುದಿಸಿ ಆರಿಸಬೇಕು.

ನನ್ನ ಅಳತೆ ಲೀಟರಿಗೆ ಕಾಲು ಗ್ರಾಂ. 1000 ಲೀಟರಿಗೆ 250 ಗ್ರಾಂ ಈಸ್ಟ್, ಅದರ ಹತ್ತು ಪಟ್ಟು, ಅಂದರೆ ಎರಡೂವರೆ ಲೀಟರ್ ನೀರು. ಒಂದು ಗ್ರಾಮಿನಲ್ಲಿ ಸುಮಾರು 2000 ಕೋಟಿ ಜೀವಕೋಶಗಳಿರುವುದರಿಂದ ರಸದ ಪ್ರತಿ ಮಿಲಿಲೀಟರಿಗೆ 50 ಲಕ್ಷದಷ್ಟು ಬೀಳುತ್ತವೆ. ನೀರು 38 ಡಿಗ್ರಿ ಇರಬೇಕು. ನಮ್ಮಲ್ಲಿ ಬಹಳ ವರ್ಷದಿಂದಿರುವ ಹಿರಿಯರೊಬ್ಬರು ಬೋಗುಣಿಗೆ ಬೆರಳದ್ದಿ, "ಹೆಪ್ಪು ಹಾಕೂ ಹಾಲಿನಷ್ಟ ಬೆಚ್ಚಗಿದ್ರ ಸಾಕ್ರೀ" ಎನ್ನುತ್ತಾರೆ. ಅವರ ಬೆರಳಿನ ಅಂದಾಜು ತಪ್ಪಿದ್ದನ್ನು ನಾನು ನೋಡಿಲ್ಲ. ಆದರೂ ಥರ್ಮಾಮೀಟರ್ ಇಟ್ಟೇ ನೋಡುತ್ತೇನೆ, ಏಕೆಂದರೆ ಜನವರಿಯ ನಸುಕಿನ ಚಳಿಗೆ ಸ್ಟೀಲಿನ ಪಾತ್ರೆ ತಾನೇ ಎರಡು ಮೂರು ಡಿಗ್ರಿ ನುಂಗಿಬಿಡುತ್ತದೆ.

ಸಣ್ಣ ರವೆಯಂತಹ ಈಸ್ಟನ್ನು ನೀರಿನ ಮೇಲೆ ತೆಳ್ಳಗೆ ಉದುರಿಸಿ, ಗಂಟು ಕಟ್ಟದಂತೆ ಒಮ್ಮೆ ಮೆಲ್ಲನೆ ಕದಡಿ ಬಿಡುತ್ತೇನೆ. ಕಾಳುಗಳು ಒಂದೊಂದಾಗಿ ಬಾಲ ಬಿಟ್ಟಂತೆ ಕೆಳಗಿಳಿಯುತ್ತವೆ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ನೀರೆಲ್ಲ ಕೆನೆಬಣ್ಣದ ಗಂಜಿಯಾಗಿ, ಬೇಕರಿಯ ಒಲೆಯ ಮುಂದೆ ನಿಂತಂತಹ ವಾಸನೆ ಏಳುತ್ತದೆ. ನೊರೆ ಏಳಲಿಲ್ಲವೆಂದು ಹೆದರಬೇಕಿಲ್ಲ: ಬರಿಯ ನೀರಿನಲ್ಲಿ ಏಳುವ ನೊರೆಗೂ ಈಸ್ಟಿನ ಕಸುವಿಗೂ ಸಂಬಂಧವಿಲ್ಲ. ಈ ಹೊತ್ತಿನಲ್ಲಿ ಕೋಶಕ್ಕೆ ಬೇಕಾದುದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಈಸ್ಟಿಗೆ ಸಾರಜನಕ ಒದಗಿಸುವ ಡಿಎಪಿ ಎಂಬ ಲವಣವನ್ನು ಪೋಷಕವೆಂದು ಇಲ್ಲಿಯೇ ಬೆರೆಸಿದರೆ ಅದೇ ವಿಷವಾಗುತ್ತದೆ. ಅದು ಟ್ಯಾಂಕಿಗೆ, ಹುದುಗುವಿಕೆ ಶುರುವಾದ ಮೇಲೆ.

ಇನ್ನು ತಣಿಸುವುದು. ಬೆಚ್ಚಗಿನ ಈಸ್ಟ್ ಒಮ್ಮೆಗೇ ತಣ್ಣನೆಯ ರಸಕ್ಕೆ ಬಿದ್ದರೆ ಪೆಟ್ಟು ತಿನ್ನುತ್ತದೆ; ಕೆಟ್ಟ ಆ ಟ್ಯಾಂಕಿನಲ್ಲಿ ನಾನು ಮಾಡಿದ ಎರಡನೆಯ ತಪ್ಪು ಅದೇ. 38 ಡಿಗ್ರಿಯ ನೀರು ಅಷ್ಟರಲ್ಲಿ 36ಕ್ಕೆ ಇಳಿದಿರುತ್ತದೆ. ಟ್ಯಾಂಕಿನಿಂದ 15 ಡಿಗ್ರಿಯ ಒಂದು ಲೀಟರ್ ರಸ ತಂದು ನಿಧಾನವಾಗಿ ಬೆರೆಸಿದರೆ ಗಂಜಿ 30ಕ್ಕೆ ಬರುತ್ತದೆ. ಐದು ನಿಮಿಷ ಬಿಟ್ಟು ಒಂದೂವರೆ ಲೀಟರ್, ಮತ್ತೆ ಐದು ನಿಮಿಷ ಬಿಟ್ಟು ಇನ್ನೊಂದು ಲೀಟರ್ ಸೇರಿಸಿದರೆ 24ರ ಆಸುಪಾಸು. ಟ್ಯಾಂಕಿಗೂ ಗಂಜಿಗೂ ನಡುವಿನ ಅಂತರ ಹತ್ತು ಡಿಗ್ರಿಯೊಳಗೆ ಬಂದ ಮೇಲೆಯೇ ಸುರಿಯುತ್ತೇನೆ. ಹಾಗೆಂದು ಈ ಕೆಲಸವನ್ನು ಎಳೆದಾಡಲೂಬಾರದು. ತಿನ್ನಲು ಏನೂ ಇಲ್ಲದ ನೀರಿನಲ್ಲಿ ಎಚ್ಚೆತ್ತ ಈಸ್ಟ್ ಹೆಚ್ಚು ಹೊತ್ತು ಕುಳಿತರೆ ಸೊರಗುತ್ತದೆ.

500 ಗ್ರಾಮಿನ ಪೊಟ್ಟಣ ಒಡೆದರೆ ಅರ್ಧ ಉಳಿಯುತ್ತದೆ. ಗಾಳಿ, ತೇವ ತಾಗಿದ ಈಸ್ಟನ್ನು ಮುಂದಿನ ವಾರಕ್ಕೆಂದು ಇಟ್ಟುಕೊಳ್ಳಲು ನನಗೆ ಧೈರ್ಯವಿಲ್ಲ. ಹೀಗಾಗಿ ಒಂದೇ ದಿನ ಎರಡು ಟ್ಯಾಂಕ್ ತುಂಬುವಂತೆ ಕೊಯ್ಲಿನವರಿಗೆ ಮೊದಲೇ ಹೇಳಿಡುತ್ತೇನೆ.