ಗೇಟಿನ ನಾಯಿಯ ಮಾತು ತಿಳಿಯುವುದು ಹೇಗೆ

ಮುಂಬಯಿಯ ಬಿಲ್ಡಿಂಗ್ ಗೇಟಿನಲ್ಲಿ ಮಲಗುವ ನಾಯಿಯ ಸ್ನೇಹ ಬೇಕಾದರೆ ಮೊದಲ ವಾರ ಬಿಸ್ಕತ್ತು ಬೇಡ. ದಿನಕ್ಕೆ ಹತ್ತು ನಿಮಿಷ ಕೊಡಿ. ಬೆಳಿಗ್ಗೆ ಹಾಲಿನವನು ಬರುವ ಹೊತ್ತು ಅಥವಾ ರಾತ್ರಿ ಗೇಟು ಮುಚ್ಚಿದ ಮೇಲೆ, ನಾಲ್ಕೈದು ಮೀಟರ್ ದೂರದಲ್ಲಿ ಮೊಬೈಲ್ ಜೇಬಿಗಿಟ್ಟು ಸುಮ್ಮನೆ ಕೂತು ನೋಡಿ. ಯಾರ ಚಪ್ಪಲಿ ಸದ್ದಿಗೆ ಕಿವಿ ನಿಮಿರುತ್ತದೆ, ಯಾರು ಬಂದರೆ ಎದ್ದು ಜಾಗ ಬಿಡುತ್ತದೆ, ಮಳೆ ಬಂದರೆ ಯಾವ ರಿಕ್ಷಾದಡಿ ನುಸುಳುತ್ತದೆ ಎಂದು ಬರೆದಿಟ್ಟುಕೊಳ್ಳಿ. 'ಪ್ರಾಣಿಗಳ ಮನಸ್ಸು ನನಗೆ ಹಾಗೇ ಗೊತ್ತಾಗುತ್ತೆ' ಎನ್ನುವವರ ಒಳಗಣ್ಣು ಬೆಳೆದದ್ದು ಬಹುಪಾಲು ಇಂಥ ನೋಟದಿಂದಲೇ.

ನಾಯಿ ನಿಮ್ಮನ್ನು ಅಷ್ಟರಲ್ಲಿ ಓದಿ ಮುಗಿಸಿರುತ್ತದೆ. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು: ಪ್ರಶ್ನೆ ಕೇಳಿದವರ ತಲೆ ಕೂದಲೆಳೆಯಷ್ಟು ಅಲುಗಿದ್ದನ್ನು ಕಂಡೇ ಕುದುರೆ ನಿಲ್ಲಿಸುತ್ತಿತ್ತು. ಕೇಳಿದವರಿಗೇ ಉತ್ತರ ಗೊತ್ತಿಲ್ಲದಾಗ ಅದಕ್ಕೂ ಗೊತ್ತಾಗುತ್ತಿರಲಿಲ್ಲ. ನಾಯಿಯೂ ಹೀಗೆಯೇ ನಿಮ್ಮ ಮೈಯನ್ನು ಓದುತ್ತದೆ. ಹಾಗಾಗಿ ಹತ್ತಿರ ಹೋಗುವ ಮೊದಲು ಉಸಿರು ಉದ್ದಕ್ಕೆ ಬಿಡಿ, ಹೆಗಲು ಇಳಿಸಿ, ಬಿಗಿದ ಮಂಡಿ ಸಡಿಲಿಸಿ.

ನೇರ ನಡೆಯಬೇಡಿ, ಬಿಲ್ಲಿನಂತೆ ಬಳಸಿ ಹೋಗಿ. ಎರಡು ಮೀಟರ್ ದೂರದಲ್ಲಿ ಪಕ್ಕಕ್ಕೆ ತಿರುಗಿ ನಿಲ್ಲಿ, ಕಣ್ಣು ನೆಲದ ಮೇಲಿರಲಿ. ಕೂರುವುದಾದರೆ ನಿಧಾನವಾಗಿ, ಅಂಗೈ ಕಾಣುವಂತೆ ಕುಕ್ಕರುಗಾಲಲ್ಲಿ ಕೂರಿ. ಹಠಾತ್ತನೆ ಬಾಗಲೇಬೇಡಿ. ಬಾಗಿದ ಮನುಷ್ಯ ಕಲ್ಲೆತ್ತುತ್ತಾನೆ ಎಂಬ ಪಾಠ ಬೀದಿನಾಯಿಗೆ ಚೆನ್ನಾಗಿ ಗೊತ್ತು. ಮೂಸಲಿ ಎಂದು ಮೂಗಿನ ಮುಂದೆ ಕೈ ಚಾಚುವುದೂ ತಪ್ಪು. ನಿಮ್ಮ ವಾಸನೆ ಅದಕ್ಕೆ ದೂರದಿಂದಲೇ ಸಿಕ್ಕಿರುತ್ತದೆ. ಇಲ್ಲಿನ ನಾಯಿಗಳು 'ಯೂ ಯೂ' ಎಂದರೆ ಬರುತ್ತವೆ, 'ಹಾಡ್' ಎಂದರೆ ಓಡುತ್ತವೆ. ನಮ್ಮ 'ಕುರ್ ಕುರ್' ಕೂಡ ನಡೆಯುತ್ತದೆ, ದನಿ ಮೆತ್ತಗಿದ್ದರೆ ಸಾಕು.

ಅದಾಗಿಯೇ ಹತ್ತಿರ ಬಂದರೆ ಎದೆ ಅಥವಾ ಕತ್ತಿನ ಪಕ್ಕ ಮೂರೇ ಸೆಕೆಂಡು ಕೆರೆದು ಕೈ ತೆಗೆಯಿರಿ. ಒರಗಿದರೆ, ಮೂತಿಯಿಂದ ಕೈ ತಳ್ಳಿದರೆ ಮುಂದುವರಿಸಿ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆ ಬರದಿದ್ದರೂ ಆಕಳಿಸಿದರೆ, ಕಾರಣವಿಲ್ಲದೆ ನೆಲ ಮೂಸಿದರೆ ಅವತ್ತಿಗೆ ಸಾಕೆಂದರ್ಥ. ತಲೆಯ ಮೇಲೆ ತಟ್ಟುವುದು ನಮಗಷ್ಟೇ ಪ್ರೀತಿ.

ಹೆಚ್ಚು ಜನ ಎಡವುವುದು ಬಾಲದಲ್ಲಿ. ಬಾಲ ಆಡಿತು ಎಂದ ಮಾತ್ರಕ್ಕೆ ಸ್ನೇಹವಲ್ಲ. ಮೇಲೆತ್ತಿ ಬಿಗಿಯಾಗಿ ಬೇಗಬೇಗ ಆಡಿಸಿದರೆ ಎಚ್ಚರಿಕೆ. ಸೊಂಟವೂ ಜೊತೆಗೆ ಬಳುಕಿದರೆ ಖುಷಿ. ಒಡೆಯನನ್ನು ಕಂಡಾಗ ಬಾಲ ಬಲಕ್ಕೆ, ಜೋರಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ ಹೆಚ್ಚು ವಾಲುತ್ತದೆಂದು 2007ರಲ್ಲಿ ಇಟಲಿಯ ಸಂಶೋಧಕರು ತೋರಿಸಿದರು. ಆದರೆ ಬೀದಿಯಲ್ಲಿ ಅಷ್ಟು ಸೂಕ್ಷ್ಮ ಕಾಣದು, ಸೊಂಟವನ್ನೇ ನಂಬಿ. ಬಾಯಿ ಮುಚ್ಚಿ, ಮೈ ಬಿಗಿದು, ದಿಟ್ಟಿಸಿದರೆ ಓಡದೆ, ಬೆನ್ನು ತೋರಿಸದೆ ಪಕ್ಕಕ್ಕೆ ಸರಿಯಿರಿ. ಉಣ್ಣುವಾಗ, ಮಲಗಿದಾಗ, ಮರಿಗಳ ಜೊತೆಗಿದ್ದಾಗ, ಗಣಪತಿಯ ಢೋಲ್-ತಾಶೆ ಅಥವಾ ದೀಪಾವಳಿ ಪಟಾಕಿಯ ರಾತ್ರಿ ಹತ್ತಿರ ಹೋಗಬೇಡಿ.

ನಿಮ್ಮ ಟಿಪ್ಪಣಿ ಕೆಲಸಕ್ಕೆ ಬರುವುದು ಕಾಯಿಲೆಯಲ್ಲಿ. ದಿನವೂ ಬರುತ್ತಿದ್ದದ್ದು ದೂರ ಉಳಿದರೆ, ಮುಟ್ಟಿದಾಗ ಗುರ್ರೆಂದರೆ ನೋವಿರಬಹುದು. ಯಾವತ್ತಿನಿಂದ ಎಂದು ಬರೆದದ್ದನ್ನು ಡಾಕ್ಟರಿಗೆ ತೋರಿಸಿ. 1883ರಿಂದಿರುವ ಪರೇಲ್‌ನ ಬಾಯಿ ಸಾಕರ್‌ಬಾಯಿ ಆಸ್ಪತ್ರೆ ಪ್ರಾಣಿಗಳದ್ದೇ. ಜೊಲ್ಲು ಸುರಿಸುತ್ತಾ ತೂರಾಡುವ, ದವಡೆ ಜೋತ, ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುವ ನಾಯಿಯ ಮುಂದೆ ಒಳಗಣ್ಣನ್ನು ಪರೀಕ್ಷಿಸಬೇಡಿ, ದೂರವಿರಿ. ಕಚ್ಚಿದರೆ, ಪರಚಿದರೂ ಸಹ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಸಿನ, ಖಾರದಪುಡಿ ಹಚ್ಚದೆ ಅಂದೇ ರೇಬೀಸ್ ಲಸಿಕೆ ಶುರು ಮಾಡಿ.

ಮೀನು ಮಾರ್ಕೆಟ್ಟಿನ ಬೆಕ್ಕಿಗೆ ದಾರಿ ಇನ್ನೂ ಸರಳ. ದೂರದಿಂದ ಕಣ್ಣು ಅರ್ಧ ಮುಚ್ಚಿ, ಎರಡೆಣಿಸಿ ತೆರೆಯಿರಿ. ಹೀಗೆ ಮಾಡಿದವರ ಬಳಿಗೆ ಬೆಕ್ಕುಗಳು ಹೆಚ್ಚು ಬರುತ್ತವೆಂದು 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದರು. ಅದೂ ಕಣ್ಣು ಕಿರಿದು ಮಾಡಿದರೆ ಬೆರಳು ತಗ್ಗಿನಲ್ಲಿ ಹಿಡಿಯಿರಿ, ಕೆನ್ನೆಯನ್ನು ಅದೇ ತಂದು ಉಜ್ಜಲಿ. ಹೊರಳಿ ಹೊಟ್ಟೆ ತೋರಿಸಿದರೂ ಹೊಟ್ಟೆ ಮುಟ್ಟಬೇಡಿ.